ಆರಾಮಿಲ್ಲದವರ ಬ್ರೆಡ್ಡು

ನಮ್ಮ ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಗಾಜಿನ ಜಾಡಿ ಇದೆ. ಮೊದಲು ಅದರಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಇರುತ್ತಿತ್ತು. ಈಗ ಹಿಟ್ಟು ಇದೆ. ಬರೀ ಗೋಧಿ ಹಿಟ್ಟು, ನೀರು. ಬಾಯಿಗೆ ಒಂದು ತೆಳು ಬಟ್ಟೆ, ಬಟ್ಟೆ ಹಾರದಂತೆ ಒಂದು ರಬ್ಬರು. ದಿನಾ ಮುಂಜಾನೆ ಎದ್ದು ಹಲ್ಲುಜ್ಜುವ ಮೊದಲೇ ನಾನು ಅದರಲ್ಲಿನ ಅರ್ಧ ಹಿಟ್ಟು ತೆಗೆದು, ಹೊಸ ಹಿಟ್ಟು ನೀರು ಹಾಕಿ ಕಲಸಬೇಕು. ಇದಕ್ಕೆ ‘ಉಣಿಸುವುದು’ ಎನ್ನಬೇಕಂತೆ. ಉಣಿಸದಿದ್ದರೆ ಸತ್ತು ಹೋಗುತ್ತದಂತೆ. ನಮ್ಮ ಗಂಗಾವತಿಯ ಬಿಸಿಲಿಗೆ ಅದು ಸಾಯುವ ಹಾಗೇನೂ ಕಾಣುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಎತ್ತಿಕೊಂಡು ಹೊರಗೆ ಇಣುಕುತ್ತದೆ.

ನನ್ನ ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಇದನ್ನೆಲ್ಲ ನೋಡುತ್ತಾಳೆ. "ಹಡದ ಮಕ್ಕಳಿಗೆ ಒಂದ ತುತ್ತು ಉಣಸಲಿಲ್ಲ ಈ ಮನಷ್ಯಾ. ಹಿಟ್ಟಿಗೆ ಉಣಸಾಕ ನಿಂತಾನ" ಎಂದು ಗೋಡೆಗೆ ಹೇಳುತ್ತಾಳೆ. ಗೋಡೆಯ ಆಚೆ ನಮ್ಮ ಅಣ್ಣನ ಮನೆ. ಅಲ್ಲಿಂದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ನಗುವುದು ಕೇಳಿಸುತ್ತದೆ. ಮೊದಲು ಅವರು ನಗುತ್ತಿರಲಿಲ್ಲ. ಜಾಡಿಯ ಹೆಸರೆತ್ತಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಜಾಡಿ ಅವರ ಮಗಳು ರೇಣುಕಾಳದು. ಹುಳಿ ಬಂದ ಆ ಹಿಟ್ಟನ್ನು ಸ್ವಲ್ಪ ಹಾಕಿ ನಾದಿಟ್ಟರೆ ಬ್ರೆಡ್ಡು ಉಬ್ಬುತ್ತದೆ. ಅವಳ ದೊಡ್ಡ ಜಾಡಿ ಆನೆಗೊಂದಿಯಲ್ಲಿದೆ. ಅದು ಕೆಟ್ಟರೆ ಇರಲಿ ಎಂದು ಒಂದು ಪಾಲು ನನ್ನ ಹತ್ತಿರ ಇಟ್ಟಿದ್ದಾಳೆ. "ಕಾಕಾ, ಮತ್ಯಾರನ್ನೂ ನಂಬಂಗಿಲ್ಲ ನಾ" ಎಂದಳು. ಅದನ್ನು ಕೇಳಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅವತ್ತಿನಿಂದ ನಾನು ಒಂದು ರಾತ್ರಿಯೂ ಬೇರೆ ಊರಿನಲ್ಲಿ ತಂಗಿಲ್ಲ.

ಆದರೆ ಜಾಡಿ ನೋಡಿದಾಗೆಲ್ಲ ಸಿಟ್ಟೂ ಬರುತ್ತದೆ. ಹಿಟ್ಟಿನ ಮೇಲಲ್ಲ, ಗಂಡುಹುಡುಗರ ಮೇಲೆ. ಇದನ್ನು ಬರೆಯಲು ಕುಳಿತದ್ದೂ ಆ ಸಿಟ್ಟಿನಿಂದಲೇ. ನಾನು ಓದು ಕಲಿತದ್ದು ತಡ, ಮೀಸೆ ಬಂದು ಮದುವೆಯಾದ ಮೇಲೆ ಹತ್ತನೇ ಇಯತ್ತೆ ಪಾಸಾದವನು. ಟೈಪು ಕಲಿತದ್ದು ಅದಕ್ಕಿಂತ ತಡ. ಒಂದೇ ಬೆರಳಿನಲ್ಲಿ ಒತ್ತುತ್ತೇನೆ. ಒತ್ತಕ್ಷರ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಎಷ್ಟೋ ಜನರ ಸಿಟ್ಟು ಆರಿ ಹೋಗುತ್ತದೆ. ನನ್ನದು ಆರಿಲ್ಲ.

ಮೊದಲು ಬ್ರೆಡ್ಡಿನ ವಿಷಯ ಹೇಳಬೇಕು. ಇಲ್ಲದಿದ್ದರೆ ಮುಂದಿನದು ನಿಮಗೆ ಹುಚ್ಚರ ಕತೆಯಂತೆ ಕಂಡೀತು.

ನಮ್ಮ ಕಡೆ ಬ್ರೆಡ್ಡು ಅಂದರೆ ಊಟವಲ್ಲ, ತಿಂಡಿಯೂ ಅಲ್ಲ. ಔಷಧದ ತಮ್ಮ. ಜ್ವರ ಬಂದವರಿಗೆ, ಆಪರೇಷನ್ ಆದವರಿಗೆ, ಹಡೆದವರಿಗೆ ಕೊಡುವ ವಸ್ತು. ಯಾರನ್ನಾದರೂ ದವಾಖಾನೆಗೆ ನೋಡಲು ಹೋಗುವಾಗ ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಒಂದು ಪೌಂಡು ಬ್ರೆಡ್ಡು ಕಟ್ಟಿಸಿಕೊಂಡು ಹೋಗುತ್ತೇವೆ. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದವನನ್ನು ದಾರಿಯಲ್ಲಿ ಕಂಡರೆ "ಎಲ್ಲಿಗೆ ಹೊಂಟೀರಿ?" ಎಂದು ಯಾರೂ ಕೇಳುವುದಿಲ್ಲ. "ಯಾರಿಗೆ ಆರಾಮಿಲ್ಲ?" ಎಂದೇ ಕೇಳುತ್ತಾರೆ.

ನಾನೂ ಅಣ್ಣನೂ ಬೆಳೆದದ್ದು ತಾವರಗೇರಾದಲ್ಲಿ. ಮೂರು ಹೊತ್ತೂ ಜೋಳದ ರೊಟ್ಟಿ. ಅವ್ವ ರೊಟ್ಟಿ ಬಡಿಯುವ ಸದ್ದಿಗೇ ನಮಗೆ ಎಚ್ಚರವಾಗುತ್ತಿತ್ತು. ಅಂಥ ಮನೆಗೆ ಬ್ರೆಡ್ಡು ಬರುತ್ತಿದ್ದುದು ಜ್ವರದ ಜೊತೆಗೆ. ಮೇಣದ ಕಾಗದ ಬಿಚ್ಚಿದ ಕೂಡಲೇ ಒಂದು ವಾಸನೆ ಬರುತ್ತಿತ್ತು ನೋಡಿ, ಅದಕ್ಕೇ ಅರ್ಧ ಜ್ವರ ಇಳಿಯುತ್ತಿತ್ತು. ಇಳಿಯಿತೆಂದು ಹೇಳುತ್ತಿರಲಿಲ್ಲ ಅಷ್ಟೆ. ಹಾಲಿನಲ್ಲಿ ಅದ್ದಿದ ತುಂಡು ಬಾಯಿಗೆ ಹಾಕಿಕೊಂಡರೆ ಅಗಿಯುವುದೇ ಬೇಡ, ತಾನೇ ಕರಗಿ ಹೋಗುವುದು. ರೊಟ್ಟಿ ಅಗಿದೂ ಅಗಿದೂ ದವಡೆ ಗಟ್ಟಿಯಾದ ನಮಗೆ ಅದು ದೇವಲೋಕದ ವ್ಯವಹಾರವೆನಿಸುತ್ತಿತ್ತು. ಜ್ವರ ಬಂದವನಿಗೆ ನಡುವಿನ ಬಿಳಿ ಭಾಗ, ಅವನ ಹೊರಸಿನ, ಅಂದರೆ ಮಂಚದ, ಹತ್ತಿರ ಬೆಕ್ಕಿನ ಹಾಗೆ ಕುಳಿತವನಿಗೆ ಸುತ್ತಿನ ಕಂದು ಅಂಚು, ಇದು ನಮ್ಮಿಬ್ಬರ ಒಪ್ಪಂದ. ಅಣ್ಣ ಗಟ್ಟಿಮುಟ್ಟಾದ ಆಳು. ಜ್ವರ ನನಗೇ ಜಾಸ್ತಿ ಬರುತ್ತಿತ್ತು. ಹೀಗಾಗಿ ಅವನ ಬಾಲ್ಯವೆಲ್ಲ ಅಂಚಿನಲ್ಲೇ ಕಳೆಯಿತು.

ರೇಣು ಮನೆಯ ಓವನ್ನಿನಲ್ಲಿ ಮೊದಲ ಸಲ ಹದವಾದ ಬ್ರೆಡ್ಡು ಸುಟ್ಟು ತೆಗೆದಾಗ ಅಣ್ಣ ಡ್ಯೂಟಿ ಮುಗಿಸಿ ಬಂದ. ಅವನು ಬಸ್ಸು ಓಡಿಸುತ್ತಾನೆ. ಚಪ್ಪಲಿ ಬಿಡುತ್ತಲೇ ಮೂಗರಳಿಸಿ, "ಯಾರಿಗೆ ಜ್ವರ?" ಎಂದ. ಯಾರಿಗೂ ಇಲ್ಲ ಎಂದರೂ ಒಮ್ಮೆ ಎಲ್ಲರ ಮುಖ ನೋಡಿದ. ಆಮೇಲೆ ಮಗಳು ಕೊಟ್ಟ ತುಂಡಿನ ಅಂಚನ್ನಷ್ಟೇ ಮುರಿದು ತಿಂದು, ನಡುವಿನದನ್ನು ನನ್ನ ಕೈಗಿಟ್ಟ. ಅದು ಅಂಗಡಿಯ ಬ್ರೆಡ್ಡಿನಂತೆ ಇರಲಿಲ್ಲ. ಮೇಲೆ ಗರಿಗರಿ, ಒಳಗೆ ಮೆತ್ತಗೆ, ತುದಿ ನಾಲಿಗೆಗೆ ಒಂದಿಷ್ಟು ಹುಳಿ. ಜ್ವರವಿಲ್ಲದೆಯೂ ತಿನ್ನಬಹುದಾದ ಬ್ರೆಡ್ಡನ್ನು ನಾನು ತಿಂದದ್ದು ಅವತ್ತೇ ಮೊದಲು.

ರೇಣು ಬಿ.ಕಾಂ. ಓದಿದವಳು. ಒಂದಿಷ್ಟು ದಿನ ಒಂದು ಬೇಕರಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದಳು. ಲೆಕ್ಕಕ್ಕಿಂತ ಒಳಗಿನ ಭಟ್ಟಿಯ ಕಡೆಗೇ ಅವಳ ಲಕ್ಷ್ಯ ಹೋಯಿತು. ಅಲ್ಲಿ ನೋಡಿ, ಫೋನಿನಲ್ಲಿ ನೋಡಿ, ಹತ್ತಾರು ಸಲ ಕಲ್ಲಿನಂಥ ಬ್ರೆಡ್ಡು ಮಾಡಿ ನಮಗೆಲ್ಲ ತಿನ್ನಿಸಿ, ಕೊನೆಗೆ ಕೈ ಕುದುರಿಸಿಕೊಂಡಳು. ಆನೆಗೊಂದಿಯ ಕಡೆ ಬಂಡೆಗಳ ನಡುವೆ ಪ್ರವಾಸಿಗರು ಉಳಿಯುವ ಮನೆಗಳಿವೆಯಲ್ಲ, ಅಲ್ಲಿನವರು ಇವಳ ಬ್ರೆಡ್ಡು ತರಿಸಲು ಶುರು ಮಾಡಿದರು. ನಮ್ಮ ಓಣಿಯಲ್ಲಿ ಕರೆಂಟು ನಂಬಬಹುದಾದದ್ದು ನಸುಕಿನಲ್ಲಿ ಮಾತ್ರ. ಹಾಗಾಗಿ ಕೋಳಿ ಕೂಗುವ ಹೊತ್ತಿಗೆ ಅವಳ ಓವನ್ನು ಬಿಸಿಯಾಗಿರುತ್ತಿತ್ತು, ಬೆಳಕು ಹರಿಯುವಷ್ಟರಲ್ಲಿ ಬುಟ್ಟಿ ಮೊದಲ ಬಸ್ಸು ಹತ್ತುತ್ತಿತ್ತು.

ಇನ್ನು ಮದುವೆ. ಹುಡುಗಿಗೆ ವಯಸ್ಸಾಯಿತು ಎಂದು ಊರಿಗೆ ಊರೇ ನೆನಪು ಮಾಡಿಕೊಡುತ್ತಿತ್ತು. ರೇಣು ಎರಡು ಮಾತು ಹೇಳಿದಳು. "ಉಪ್ಪಿಟ್ಟಿನ ತಾಟು ಹಿಡಕೊಂಡು ಮಂದಿ ಮುಂದ ನಾ ನಿಂದ್ರಂಗಿಲ್ಲ. ಹುಡುಗನ ಕೂಡ ಮೊದಲ ನಾನ ಮಾತಾಡತೀನಿ. ಮನಸ್ಸಿಗೆ ಬಂದ್ರ ಹಿರ್ಯಾರು ಬರ್ಲಿ." ಎರಡನೆಯದು, "ಎಲ್ಲಿಗೆ ಹೋದ್ರೂ ನನ್ನ ಕೂಡ ಓವನ್ನೂ ಬರತೈತಿ." ವೈನಿ ಮೊದಲನೆಯದಕ್ಕೆ ಒಂದು ಷರತ್ತು ಹಾಕಿ ಒಪ್ಪಿದರು. ಎರಡನೆಯದನ್ನು ಕೇಳಿಸಿಕೊಂಡೇ ಇಲ್ಲ ಅನ್ನುವ ಹಾಗೆ ಬೇಳೆ ಆರಿಸುತ್ತ ಕುಳಿತರು.

ಆ ಷರತ್ತು ನಾನು. ಅವಳು ಹುಡುಗನನ್ನು ನೋಡಲು ಹೋದಾಗ ಕಾಕಾ ಜೊತೆಗಿರಬೇಕು, ಆದರೆ ಮಾತು ಕೇಳಿಸದಷ್ಟು ದೂರ ಕೂರಬೇಕು. ಇದಕ್ಕೆ ಡೇಟಿಂಗ್ ಎನ್ನುತ್ತಾರೆಂದು ರೇಣು ನನಗೆ ಹೇಳಿಕೊಟ್ಟಳು. ಹಾಗಿದ್ದರೆ ಈ ವಯಸ್ಸಿನಲ್ಲಿ ನಾನು ಮಾಡಿದಷ್ಟು ಡೇಟಿಂಗ್ ನಮ್ಮ ಓಣಿಯಲ್ಲಿ ಯಾರೂ ಮಾಡಿರಲಿಕ್ಕಿಲ್ಲ.

ನೀವೇ ಹೇಳಿ, ನಮ್ಮಂಥ ಊರಿನಲ್ಲಿ ಒಬ್ಬ ಹುಡುಗಿ ಒಬ್ಬ ಹುಡುಗನ ಜೊತೆ ಒಂದು ತಾಸು ಕುಳಿತು ಮಾತಾಡಲು ಎಲ್ಲಿ ಜಾಗವಿದೆ? ಬೇಕರಿಯ ‘ಫ್ಯಾಮಿಲಿ ರೂಮಿ’ಗೆ ಪರದೆ ಇದೆ, ಪರದೆಯ ಹಿಂದೆ ಹೋದರೆ ಇಡೀ ಬೇಕರಿಯೇ ಪರದೆ ನೋಡುತ್ತದೆ. ಹೇಮಗುಡ್ಡಕ್ಕೆ ಹೋದರೆ ದೇವಿಯ ದರ್ಶನಕ್ಕೆ ಬಂದ ನಮ್ಮ ಓಣಿಯ ಹೆಣ್ಣುಮಕ್ಕಳು ಮೆಟ್ಟಿಲ ಮೇಲೇ ನಿಂತು "ಇವರು ಯಾರ ಪೈಕಿ?" ಎಂದು ವಿಚಾರಿಸುತ್ತಾರೆ. ಗಂಡಸರು ನಾವು ಚಹಾದ ಅಂಗಡಿಯ ಮುಂದೆ ಮುಂಜಾನೆ ಕುಳಿತರೆ ಮಧ್ಯಾಹ್ನದ ತನಕ ಏಳುವುದಿಲ್ಲ, ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ನಾನು ಇದನ್ನು ಇಷ್ಟು ವರ್ಷ ಗಮನಿಸಿರಲೇ ಇಲ್ಲ. ಪೇಪರು ಅಡ್ಡ ಹಿಡಿದು ದೂರದ ಟೇಬಲ್ಲಿನಲ್ಲಿ ಕುಳಿತ ಮೇಲೆ ಕಾಣತೊಡಗಿತು.

ಮೊದಲಿನವನು ಫೋನಿನ ಆ್ಯಪಿನಲ್ಲಿ ಸಿಕ್ಕವನು. ದಿನಾ ಮುಂಜಾನೆ ಗುಲಾಬಿ ಹೂವಿನ ಚಿತ್ರ, ದಿನಾ ರಾತ್ರಿ ಚಂದ್ರನ ಚಿತ್ರ. ಹೂವು ಚಂದ್ರ ಮುಗಿದ ಮೇಲೆ, ಇನ್ನೂ ಮುಖ ನೋಡುವ ಮೊದಲೇ, "ನಿಮ್ಮ ತೂಕ ಎಷ್ಟು?" ಎಂದು ಕೇಳಿದ. ನಾನು ರೈಸ್ ಮಿಲ್ಲಿನಲ್ಲಿ ಭತ್ತ ತೂಗಿಸುವ ಕೆಲಸದವನು. ದಿನವೆಲ್ಲ ಕಾಟಾದ ಮುಂದೆ ನಿಂತಿರುತ್ತೇನೆ. ಭತ್ತದ ಚೀಲಕ್ಕೂ ನಾವು ಹಾಗೆ ಮಾಡುವುದಿಲ್ಲ. ಮೊದಲು ಚೀಲ ಬಿಚ್ಚಿ, ಒಂದು ಹಿಡಿ ತೆಗೆದು, ಮೂಸಿ, ಅಂಗೈಯಲ್ಲಿ ಉಜ್ಜಿ ನೋಡಿ, ‘ಛಲೋ ಐತಿ’ ಎಂದು ರೈತನಿಗೆ ಒಂದು ಮಾತು ಹೇಳಿ ಆಮೇಲೆ ತೂಕ. ಈ ಮಾತನ್ನು ಅವನಿಗೆ ಬರೆದು ಕಳಿಸು ಎಂದೆ. ರೇಣು ಅಷ್ಟೂ ಮಾಡದೆ ಅವನನ್ನು ಫೋನಿನಿಂದಲೇ ತೆಗೆದು ಹಾಕಿದಳು.

ಎರಡನೆಯವನು ಕುಷ್ಟಗಿಯ ಕಡೆಯ ಲೆಕ್ಚರರು. ಜ್ಯೂಸ್ ಸೆಂಟರಿನಲ್ಲಿ ಕುಳಿತರು. ಪಕ್ಕದ ಮಿಕ್ಸರು ನಿಂತಾಗೆಲ್ಲ ಮಾತು ನನ್ನ ಕಿವಿಗೆ ಬೀಳುತ್ತಿತ್ತು.

"ರೊಟ್ಟಿ ಬಡೀಲಿಕ್ಕೆ ಬರತೈತೇನ್ರಿ?"

"ಬರತೈತ್ರಿ. ಬ್ರೆಡ್ ಇನ್ನೂ ಛಲೋ ಬರತೈತಿ."

"ಬ್ರೆಡ್ ದವಾಖಾನಿ ಊಟ ಅಲ್ಲೇನ್ರಿ? ನಮ್ಮದು ದೊಡ್ಡ ಸಂಸಾರ. ರೊಟ್ಟಿ ಹೇಳ್ರಿ. ಒಂದ ತಾಸಿನ್ಯಾಗ ಎಷ್ಟು ಬಡೀತೀರಿ?"

"ನೀವು ಒಂದ ತಾಸಿನ್ಯಾಗ ಎಷ್ಟು ಪಾಠ ಮಾಡತೀರಿ?"

"ಅದೂ ಇದೂ ಒಂದೇನ್ರಿ?"

"ನಾನೂ ಅದನ್ನ ಕೇಳಾಕತ್ತೀನಿ."

ಮಿಕ್ಸರು ಮತ್ತೆ ಶುರುವಾಯಿತು. ಅದು ನಿಲ್ಲುವಷ್ಟರಲ್ಲಿ ಲೆಕ್ಚರರು ತಮ್ಮ ಮೋಸಂಬಿ ರಸ ಕುಡಿದು ಎದ್ದಿದ್ದರು. ಬಸ್ಸಿನಲ್ಲಿ ಬರುವಾಗ ರೇಣು ಕಿಟಕಿಯ ಹೊರಗೆ ನೋಡುತ್ತಾ ಕೇಳಿದಳು. "ಕಾಕಾ, ನಾ ಏನರ ತಪ್ಪು ಮಾತಾಡಿದೆನೇನು?" ನನಗೆ ಆ ಮಾಸ್ತರನ ಮೇಲೆ ಬಂದ ಸಿಟ್ಟಿಗಿಂತ ಈ ಪ್ರಶ್ನೆ ಹೆಚ್ಚು ಚುಚ್ಚಿತು. ಓವನ್ನಿನ ಬಾಗಿಲು ತೆರೆದು ಕೈ ಸುಟ್ಟುಕೊಂಡರೂ ಅಯ್ಯೋ ಎನ್ನದ ಹುಡುಗಿ ಅದು.

ಮೂರನೆಯವನು ಯಲಬುರ್ಗಾದ ಮಹಾಂತೇಶ. ಸರ್ಕಾರಿ ನೌಕರಿ, ಸೌಮ್ಯ ಮುಖ. ಅವನನ್ನು ಆನೆಗೊಂದಿಯ ಹೊಳೆ ದಂಡೆಯಲ್ಲಿ ಭೇಟಿಯಾದಳು. ಅವರು ಬಂಡೆಯ ನೆರಳಿಗೆ, ನಾನು ಬಾಳೆ ತೋಟದ ಬದುವಿಗೆ. ರೇಣು ಬುಟ್ಟಿಯಿಂದ ಬ್ರೆಡ್ಡು ಮುರಿದು ಶೇಂಗಾ ಚಟ್ನಿ ಹಚ್ಚಿ ಕೊಟ್ಟಳು. ಅವನು ಒಂದು ತುಂಡು ತಿಂದು, ಇನ್ನೊಂದು ಕೇಳಿ, ಇಡೀ ಬ್ರೆಡ್ಡು ಮುಗಿಸಿ, ಬಟ್ಟೆಗೆ ಅಂಟಿದ ಪುಡಿಯನ್ನೂ ಬೆರಳಿಗೆ ಹತ್ತಿಸಿಕೊಂಡು ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಪಾಲಿಗೂ ಒಂದಿಷ್ಟು ಇಟ್ಟಿದ್ದಳು, ಅದೂ ಹೋಯಿತು. ಆದರೂ ನನಗೆ ಸಂತೋಷವೇ ಆಯಿತು. ಉಣ್ಣುವಾಗ ಬಿಂಕ ಮಾಡದ ಮನುಷ್ಯ ಎಂದುಕೊಂಡೆ.

ಮತ್ತೆರಡು ಸಲ ಭೇಟಿಯಾದರು. ರೇಣು ಹಿಟ್ಟು ನಾದುವಾಗ ಗುನುಗುವುದು ಶುರುವಾಯಿತು. "ಓವನ್ ವಿಷಯ ಹೇಳೀಯೇನವಾ?" ಎಂದು ಕೇಳಿದೆ. "ಮೊದಲನೇ ದಿನಾನ ಹೇಳೀನಿ. ತಮ್ಮ ಅವ್ವಗೂ ಎಲ್ಲಾ ಹೇಳ್ಯಾರಂತ. ಅವ್ವ ಖುಷಿ ಪಟ್ಟಳು ಅಂದ್ರು" ಎಂದಳು. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು.

ಸರಿ, ಹಿರಿಯರು ಬರುವುದು ಎಂದಾಯಿತು. ಒಂದು ಭಾನುವಾರ ಗೊತ್ತು ಮಾಡಿದರು. ಅಣ್ಣನಿಗೆ ರಜೆ ಸಿಗಲಿಲ್ಲ. ಬಿಳಿ ಅಂಗಿ ತೊಟ್ಟು ಎದುರುಗೊಳ್ಳುವ ಹಿರಿತನ ನನ್ನ ಪಾಲಿಗೆ ಬಂತು. ಅವತ್ತೇ ಆನೆಗೊಂದಿಯಿಂದ ದೊಡ್ಡ ಆರ್ಡರು, ಮಧ್ಯಾಹ್ನದ ಬಸ್ಸಿಗೆ ಕಳಿಸಬೇಕಾದದ್ದು. ಇವತ್ತೊಂದು ದಿನ ಬಿಡು ಎಂದು ವೈನಿ ಅಂಗಲಾಚಿದರು. "ಮಾತು ಕೊಟ್ಟೀನಿ, ಅವರು ಬರೋದರಾಗ ಮುಗಸತೀನಿ" ಎಂದು ರೇಣು ನಸುಕಿನಲ್ಲೇ ಸುಟ್ಟಳು. ಬ್ರೆಡ್ಡುಗಳು ಆರಲೆಂದು ಪಡಸಾಲೆಯ ಹೊರಸಿನ ಮೇಲೆ ಸಾಲಾಗಿ ಮಲಗಿದ್ದವು, ಮೇಲೆ ಬಿಳಿ ಬಟ್ಟೆ. ಸಂಜೆ ಬರಬೇಕಾದವರು ಊಟದ ಹೊತ್ತಿಗೇ ಬಂದರು.

ನಾನು ಹಿತ್ತಲಲ್ಲಿ ಕುರ್ಚಿ ಒರೆಸುತ್ತಿದ್ದೆ. ಮಹಾಂತೇಶನ ತಾಯಿಯ ದನಿ ಕೇಳಿಸಿತು. ದೊಡ್ಡ ದನಿ, ಒಳ್ಳೆಯ ದನಿಯೇ.

"ಬ್ರೆಡ್ ವಾಸನಿ ಬರಾಕತ್ತೈತಲ್ರಿ. ಯಾರಿಗೆ ಆರಾಮಿಲ್ಲ?"

ಇಲ್ಲಿ ನೀವು ನಮ್ಮ ವೈನಿಯನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ಮಗಳು ಬ್ರೆಡ್ಡು ಮಾಡಿ ಮಾರುತ್ತಾಳೆ ಎಂದರೆ, ಮನೆಯಲ್ಲಿ ಗಂಡಸರ ದುಡಿಮೆ ಸಾಲದು ಎಂದು ಜನ ತಿಳಿದುಕೊಳ್ಳುತ್ತಾರೆಂಬ ಭಯ ಅವರಿಗೆ. ಹುಡುಗ ಎಲ್ಲಾ ಹೇಳಿದ್ದಾನೆಂದು ರೇಣು ಎಷ್ಟು ಹೇಳಿದರೂ ನಂಬಿರಲಿಲ್ಲ. ನಂಬದಿದ್ದದ್ದೇ ಸರಿಯಾಗಿತ್ತು. ಬಂದವರ ಪ್ರಶ್ನೆಯಲ್ಲೇ ಗೊತ್ತಾಯಿತು, ಆ ತಾಯಿಗೆ ಏನೂ ತಿಳಿದಿಲ್ಲ ಎಂದು.

"ನಮ್ಮ ಮೈದುನಾರಿಗ್ರಿ" ಎಂದರು ವೈನಿ. "ಜ್ವರ ಬಂದು ಮಲಗ್ಯಾರ."

ಮೈದುನ ಅಂದರೆ ನಾನು. ವೈನಿ ಹಿತ್ತಲಿಗೆ ಓಡಿ ಬಂದು ನನ್ನ ತೋಳು ಹಿಡಿದರು. "ತಮ್ಮಾ, ನಿನ್ನ ಕಾಲ್ಮುಗೀತೀನಿ, ಒಳಗ ಹೋಗಿ ಮಲಗು." ಏನು ಎತ್ತ ಎಂದು ತಿಳಿಯುವ ಮೊದಲೇ ಒಳಕೋಣೆಯಲ್ಲಿ ನನ್ನನ್ನು ಮಲಗಿಸಿ, ಬಿಳಿ ಅಂಗಿಯ ಸಮೇತ ಕುರಿಯುಣ್ಣೆಯ ಕಂಬಳಿ ಹೊದಿಸಿ ಹೋದರು. ಹೊರಗೆ ಕಾಗೆ ನೀರಿಗಾಗಿ ಬಾಯಿ ಬಿಡುವಂಥ ಬಿಸಿಲು. ಒಳಗೆ ನಾನು ಓವನ್ನಿನಲ್ಲಿಟ್ಟ ಹಿಟ್ಟಿನಂತೆ ಉಬ್ಬತೊಡಗಿದೆ.

ರೋಗಿಯನ್ನು ಮಾತಾಡಿಸದೆ ಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ. ಆ ತಾಯಿ ಬಂದು ಹಾಸಿಗೆಯ ಪಕ್ಕ ಕುಳಿತರು. ಹಿಂದೆ ಮಹಾಂತೇಶ, ಅವನ ಹಿಂದೆ ಅವರ ಕಡೆಯ ಇಬ್ಬರು ಹಿರಿಯರು. ತಾಯಿ ನನ್ನ ಹಣೆ ಮುಟ್ಟಿ, "ಬೆವರು ಬಂದಾವ. ಜ್ವರ ಇಳ್ಯಾಕತ್ತೈತಿ" ಎಂದು ಸಮಾಧಾನ ಮಾಡಿಕೊಂಡರು. "ಏನರ ಹೊಟ್ಟಿಗಿ ಹಾಕ್ಯಾರೇನು? ಒಂದಿಷ್ಟು ಹಾಲು ಬ್ರೆಡ್ ತರ್ರಿ. ನಾನ ತಿನ್ನಸತೀನಿ." ತಂದರು. ರೇಣು ಸುಟ್ಟ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ, ಯಲಬುರ್ಗಾದ ಬೀಗಿತಿಯಾಗಬೇಕಾದವರು ನನ್ನ ಬಾಯಿಗಿಟ್ಟರು. ಮೇಲಿನ ಗರಿಗರಿಯೆಲ್ಲ ಹಾಲಿನಲ್ಲಿ ಸತ್ತು ಹೋಗಿತ್ತು.

ಬಾಗಿಲಲ್ಲಿ ರೇಣು ನಿಂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಮಹಾಂತೇಶನನ್ನು ನೋಡುತ್ತಿದ್ದಳು. ಮಹಾಂತೇಶ ಫ್ಯಾನು ನೋಡುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಕಂಬಳಿ ಒದ್ದು ಎದ್ದು ಕುಳಿತೆ. "ನನಗೇನೂ ಆಗಿಲ್ಲ್ರಿ. ಆರಾಮ ಅದೀನಿ. ಈ ಬ್ರೆಡ್ ನಮ್ಮ ರೇಣು ಮಾಡಿದ್ದು. ಮಾರಾಕ ಮಾಡ್ಯಾಳ."

ಆ ತಾಯಿ ನನ್ನ ಭುಜ ಹಿಡಿದು ಮೆಲ್ಲಗೆ ಹಿಂದಕ್ಕೆ ಒತ್ತಿದರು. "ಮಲಗ್ರಿ, ಮಲಗ್ರಿ. ಜ್ವರ ತಲಿಗೇರೈತಿ. ಏನೇನೋ ಮಾತಾಡಾಕತ್ತಾರ."

"ತಲಿಗೇರಿಲ್ಲ್ರಿ ಅತ್ತಿ" ಎಂದಳು ರೇಣು. "ಕಾಕಾ ಖರೇ ಹೇಳಾಕತ್ತಾನ. ಆ ಬ್ರೆಡ್ ನಾನ ಸುಟ್ಟೀನಿ. ಆನೆಗೊಂದಿಗೆ ಹೋಗತಾವ."

"ಮನ್ಯಾಗ ಯಾರರೆ ಬ್ರೆಡ್ ಮಾಡತಾರೇನವಾ? ದೊಡ್ಡ ಬ್ಯಾನಿ ಇದ್ರ ಇರ್ಲಿ. ಮುಚ್ಚಿಟ್ಟು ಹಿಂಗ ಕತಿ ಕಟ್ಟಬಾರದು" ಎಂದರು ಅವರು. ಬೈದದ್ದಲ್ಲ, ಬುದ್ಧಿ ಹೇಳಿದ್ದು. ಹಿಂದಿದ್ದ ಹಿರಿಯರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ರೇಣು ಕೊನೆಯ ಮಾತು ಕೇಳಿದಳು. ಬಹಳ ತಣ್ಣಗೆ ಕೇಳಿದಳು.

"ಮಹಾಂತೇಶ, ನೀವರ ಹೇಳ್ರಿ."

ಒಂದೇ ಒಂದು ಮಾತು ಸಾಕಿತ್ತು. ‘ಹೌದವಾ, ನಾ ತಿಂದೀನಿ’ ಎಂದರೆ ಮುಗಿಯುತ್ತಿತ್ತು. ಹೊಳೆ ದಂಡೆಯಲ್ಲಿ ನನ್ನ ಪಾಲನ್ನೂ ತಿಂದ ಆ ಬಾಯಿ ತೆರೆದು, ಮಹಾಂತೇಶ ಏನು ಹೇಳಿದ ಗೊತ್ತೇ?

"ಅವ್ವಾ, ಹೊತ್ತಾತು. ಬಸ್ಸಿಗೆ ಹೋಗೋಣು."

ಅವರು ಹೋದರು. ಉಪ್ಪಿಟ್ಟು ಹಾಗೇ ಉಳಿಯಿತು. ವೈನಿ ಒಲೆಯ ಮುಂದೆ ಕುಳಿತು ಅತ್ತರು. ರೇಣು ಅಳಲಿಲ್ಲ. ಬ್ರೆಡ್ಡುಗಳನ್ನು ಬುಟ್ಟಿಗೆ ತುಂಬಿ, ನನ್ನ ಕೈಯಿಂದ ಹೊರಿಸಿಕೊಂಡು ಹೋಗಿ ಬಸ್ಸಿಗೇರಿಸಿ ಬಂದಳು. ಮನೆಗೆ ಬಂದವಳೇ ನಾಳೆಗೆ ಹಿಟ್ಟು ಕಲಸಲು ಕುಳಿತಳು. ಬಹಳ ಹೊತ್ತು ನಾದಬಾರದು, ಬ್ರೆಡ್ಡು ಗಟ್ಟಿಯಾಗುತ್ತದೆ ಎಂದು ನನಗೇ ಅವಳು ಹೇಳಿಕೊಟ್ಟಿದ್ದಳು. ಅವತ್ತು ನಾದಿದಳು, ನಾದಿದಳು. ನಾನು ನೆನಪು ಮಾಡಿಕೊಡಲಿಲ್ಲ.

ಸುದ್ದಿ ಯಲಬುರ್ಗಾದಿಂದ ಕುಷ್ಟಗಿಗೆ, ಕುಷ್ಟಗಿಯಿಂದ ಗಂಗಾವತಿಗೆ ನಮ್ಮಣ್ಣನ ಬಸ್ಸಿಗಿಂತ ಮುಂಚೆ ತಲುಪಿತು. ಆ ಮನೆಯಲ್ಲಿ ದೊಡ್ಡ ಬ್ಯಾನಿ ಇದೆ, ಹುಡುಗಿಯ ಕಾಕಾ ಹಾಸಿಗೆ ಹಿಡಿದಿದ್ದಾನೆ, ಮಾತು ತೊದಲುತ್ತದೆ, ಹೊರಸಿನ ತುಂಬ ಬ್ರೆಡ್ಡು ಪೇರಿಸಿ ಇಟ್ಟಿದ್ದಾರೆ. ಮರುದಿನದಿಂದ ಜನ ನನ್ನನ್ನು ನೋಡಲು ಬರತೊಡಗಿದರು. ಬರಿಗೈಯಲ್ಲಿ ಬರುತ್ತಾರೆಯೇ? ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪೌಂಡು. ಮಿಲ್ಲಿನವರು ತಂದರು, ಓಣಿಯವರು ತಂದರು, ತಾವರಗೇರಾದಿಂದ ನಮ್ಮ ಹಳೆಯ ನೆರೆಯವರು ಎರಡು ಬಸ್ಸು ಬದಲಿಸಿ ಬಂದು ತಂದರು. ಆರಾಮ ಇದ್ದೇನೆ ಎಂದರೆ "ಹಂಗ ಧೈರ್ಯ ಇರಬೇಕ್ರಿ" ಎಂದರು. ಎದ್ದು ಓಡಾಡಿ ತೋರಿಸಿದರೆ "ಸುಮ್ಮನ ದಣೀಬ್ಯಾಡ್ರಿ" ಎಂದರು. ಬ್ರೆಡ್ಡು ಮಾಡುವ ಹುಡುಗಿಯ ಮನೆ ಅಂಗಡಿ ಬ್ರೆಡ್ಡಿನಿಂದ ತುಂಬಿಹೋಯಿತು. ತಿಂದು ತಿಂದು ಕೊನೆಗೆ ನನಗೆ ನಿಜಕ್ಕೂ ಹೊಟ್ಟೆ ಕೆಟ್ಟಿತು. ಅದಕ್ಕೂ ಡಾಕ್ಟರು ಎರಡು ದಿನ ಬ್ರೆಡ್ಡು ತಿನ್ನಿ ಎಂದರು.

ನಗಬೇಡಿ. ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಒಬ್ಬ ಹುಡುಗಿ ನಸುಕಿನಲ್ಲೆದ್ದು ತನ್ನ ಕೈಯಿಂದ ಒಂದು ವಸ್ತು ಮಾಡುತ್ತಾಳೆ ಎಂಬ ಸರಳ ಮಾತನ್ನು ನಂಬದ ಜನ, ಗಟ್ಟಿಮುಟ್ಟಾಗಿ ನಿಂತ ನನ್ನ ರೋಗವನ್ನು ಕೂಡಲೇ ನಂಬಿದರು.

ಆ ವಾರದ ಕೊನೆಗೆ ಮಹಾಂತೇಶನೂ ಬಂದ. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ.

ನಾನು ಅಣ್ಣನ ಮನೆಯ ಪಡಸಾಲೆಯಲ್ಲೇ ಇದ್ದೆ. "ಅವ್ವ ನಿಮ್ಮನ್ನ ನೋಡಿಕೊಂಡು ಬಾ ಅಂದ್ಲು" ಎಂದ. ನನಗೆ ಏನೂ ಆಗಿಲ್ಲ ಎಂದು ಅವರ ಮನೆಯಲ್ಲಿ ಖಂಡಿತವಾಗಿ ಗೊತ್ತಿದ್ದ ಒಬ್ಬನೇ ಮನುಷ್ಯ ಅವನು. ಪೊಟ್ಟಣವನ್ನು ನನ್ನ ಮುಂದೆ ಇಟ್ಟು ಕುಳಿತ. ಬಾಯಿ ಮಾಡಬೇಕೆಂದಿದ್ದೆ, ಅಷ್ಟರಲ್ಲಿ ರೇಣು ಒಳಗಿನಿಂದ ಬಂದಳು. ಕೈಗೆ ಹಿಟ್ಟು ಹತ್ತಿತ್ತು.

"ಅವತ್ತ ಯಾಕ ಹೇಳಲಿಲ್ಲ?" ಎಂದಳು.

"ಹಿರ್ಯಾರ ಮುಂದ ಹೆಂಗ ಹೇಳೋದು, ರೇಣು."

"ಮನ್ಯಾಗ ಎಲ್ಲಾ ಹೇಳೀನಿ ಅಂದಿದ್ರಿ."

"ಹೇಳಬೇಕು ಅಂತನ ಇದ್ದೆ. ಹೊತ್ತು ಕೂಡಿ ಬರಲಿಲ್ಲ. ಈಗೇನೂ ಕೆಟ್ಟಿಲ್ಲ ನೋಡು, ಅವ್ವನ್ನ ನಾ ಒಪ್ಪಸತೀನಿ. ನಿಮ್ಮ ಕಾಕಾಗ ಆರಾಮ ಆತು ಅಂತ ಹೇಳತೀನಿ. ಮದುವಿ ಆಗೂಮಟ ನೀ ಈ ಬ್ರೆಡ್ ಬಂದ್ ಮಾಡು. ಆಮ್ಯಾಲೆ ನೋಡೋಣು."

ರೇಣು ಒಂದು ಗಳಿಗೆ ನಿಂತಳು. ಅವಳಿಗೆ ಅವನ ಮೇಲೆ ಮನಸ್ಸಿತ್ತು. ಇಲ್ಲದಿದ್ದರೆ ಆ ಒಂದು ಗಳಿಗೆಯೂ ಬೇಕಿರಲಿಲ್ಲ. ಆಮೇಲೆ ಅವನು ತಂದ ಪೊಟ್ಟಣವನ್ನೇ ಎತ್ತಿಕೊಂಡು ಒಳಗೆ ಹೋದಳು. ಬರುವಾಗ ಒಂದು ಲೋಟ ಹಾಲು, ತಟ್ಟೆಯಲ್ಲಿ ಎರಡು ತುಂಡು ಬ್ರೆಡ್ಡು ತಂದು ಅವನ ಮುಂದೆ ಇಟ್ಟಳು.

"ತಿನ್ರಿ" ಎಂದಳು. "ಇಲ್ಲಿ ಆರಾಮಿಲ್ಲದವರು ನೀವೊಬ್ಬರ."

ಅವನು ತಮಾಷೆ ಎಂದುಕೊಂಡು ನಕ್ಕ. ನಗುತ್ತಲೇ ಒಂದು ತುಂಡು ಹಾಲಿಗೆ ಅದ್ದಿದ. ರೇಣು ನಗಲಿಲ್ಲ, ನಾನೂ ನಗಲಿಲ್ಲ. ತುಂಡು ಹಾಲಿನಲ್ಲಿ ಕಳಚಿ ಬಿತ್ತು. ಅವನು ಅದನ್ನು ಬೆರಳಿನಿಂದ ತೆಗೆಯಲು ನೋಡಿ, ಬಿಟ್ಟು, ಎದ್ದು ಹೋದ.

ಗೋಡೆಯ ಮರೆಯಲ್ಲಿ ನಿಂತಿದ್ದ ವೈನಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಗಳನ್ನು ಬೈಯುತ್ತಾರೆಂದುಕೊಂಡೆ. ಅವರು ತಟ್ಟೆ ಎತ್ತಿಕೊಂಡು, "ನನ್ನ ಮಗಳು ಸುಟ್ಟಿದ್ದು ಹಾಲಿನ್ಯಾಗ ಹಿಂಗ ಕಳಚಂಗಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಒಳಗೆ ಹೋದರು. ಆವತ್ತಿನಿಂದ ಅವರು ಜಾಡಿಯ ಹೆಸರಿಗೆ ಬಾಗಿಲು ಹಾಕಿಕೊಳ್ಳುವುದಿಲ್ಲ.

ರೇಣು ಈಗ ಆನೆಗೊಂದಿಯಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ದೊಡ್ಡ ಓವನ್ನು ಅಲ್ಲಿಗೆ ಹೋಗಿದೆ. ಮುಂಜಾನೆ ಮೊದಲ ಬಸ್ಸಿಗೆ ಹೋಗಿ ಸಂಜೆಗೆ ಬರುತ್ತಾಳೆ. ವರಗಳು ಬರುವುದು ನಿಂತಿಲ್ಲ. ಆದರೆ ಎಲ್ಲರ ಮೊದಲ ಪ್ರಶ್ನೆ ನನ್ನ ಆರೋಗ್ಯದ್ದು. ಹೋದ ಭಾನುವಾರ ಕೊಪ್ಪಳದ ಹುಡುಗನೊಬ್ಬ ನನ್ನ ಫೋನಿಗೆ ಬರೆದಿದ್ದ. ರೇಣುಕಾ ಅವರನ್ನು ಒಮ್ಮೆ ಭೇಟಿಯಾಗಬೇಕು, ನಿಮ್ಮ ಆರೋಗ್ಯ ಈಗ ಹೇಗಿದೆ ಸರ್, ನಿಮ್ಮನ್ನೂ ನೋಡಿ ಹೋಗುತ್ತೇನೆ ಎಂದು. ನನಗೆ ಮೈಯೆಲ್ಲ ಉರಿಯಿತು. ರೇಣು ನಮ್ಮ ಅಡಿಗೆಮನೆಯಲ್ಲಿ ಜಾಡಿಯ ಬಟ್ಟೆ ತೆಗೆದು, ನಾನು ಸರಿಯಾಗಿ ಉಣಿಸಿದ್ದೇನೆಯೇ ಎಂದು ಮೂಸಿ ನೋಡುತ್ತಿದ್ದಳು. ಅವಳಿಗೆ ಓದಿ ಹೇಳಿದೆ.

"ನಾಕು ಮಾತು ಬರದು ಹಾಕಲೇನವಾ ಇವಗ?"

"ಬ್ಯಾಡ ಕಾಕಾ. ನೀ ನಾಕು ಮಾತು ಬರ್ಯೋದರಾಗ ಅವನ ಮದುವಿನ ಆಗಿರತೈತಿ."

"ಮತ್ತ ಏನಂತ ಬರೀಲಿ?"

ಅವಳು ಹಿಟ್ಟಿಗೆ ನೀರು ಸೇರಿಸಿ, ಚಮಚದಿಂದ ತಿರುವಿ, ಬಟ್ಟೆ ಕಟ್ಟಿದಳು. "ನಾನು ಬ್ರೆಡ್ ಮಾಡಿ ಮಾರತೀನಿ ಅಂತ ಮೊದಲ ಮನ್ಯಾಗ ಅವ್ವ ಅಪ್ಪಗ ಹೇಳ್ಲಿ. ಹೇಳಿದ ಮ್ಯಾಲ ಬರ್ಲಿ."

ನಾನು ಕುಳಿತು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಒತ್ತಿ ಮುಗಿಸಿ ಇನ್ನೇನು ಕಳಿಸಬೇಕು, ಅವಳು ಕೈ ತೊಳೆಯುತ್ತಾ ಅಲ್ಲಿಂದಲೇ ಕೂಗಿದಳು.

"ಕಾಕಾ, ಇನ್ನೊಂದು ಸೇರಸು. ಬರೋವಾಗ ಬ್ರೆಡ್ ತರಬ್ಯಾಡ ಅನ್ನು."